ಬಾಗಿಲು ಬಡಿಯುತ್ತಿದ್ದವನು ಬಾರ್ನಿ

‘ಹಾಫ್-ಲೈಫ್’ ವಿಡಿಯೋ ಗೇಮ್ ಶುರುವಾಗುತ್ತಲೇ ನಾವು ಆಡುವ ಪಾತ್ರ ಗಾರ್ಡನ್ ಫ್ರೀಮನ್ ಟ್ರಾಮಿನಲ್ಲಿ ಬ್ಲ್ಯಾಕ್ ಮೀಸಾ ಪ್ರಯೋಗಾಲಯದ ಒಳಕ್ಕೆ ಹೋಗುತ್ತಾನಲ್ಲ, ಆ ದಾರಿಯಲ್ಲಿ ಸೆಕ್ಯೂರಿಟಿ ಗಾರ್ಡ್ ಒಬ್ಬ ಮುಚ್ಚಿದ ಬಾಗಿಲು ಬಡಿಯುತ್ತಿರುತ್ತಾನೆ. ಟ್ರಾಮ್ ಮುಂದೆ ಸಾಗುತ್ತದೆ, ಅವನನ್ನು ನಾವು ಮರೆಯುತ್ತೇವೆ. ಮೊನ್ನೆ ರಜೆಯಲ್ಲಿ ಅದರ ಉಪಕಥೆ ‘ಬ್ಲೂ ಶಿಫ್ಟ್’ ಹಾಕಿಕೊಂಡು ಕೂತೆ. ಟ್ರಾಮಿನಿಂದ ಇಳಿದು ಬಾಗಿಲ ಮುಂದೆ ನಿಂತರೆ ತೆಗೆಯುವವರೇ ಇಲ್ಲ. ಬೆನ್ನ ಹಿಂದೆ ಸದ್ದಾಯಿತೆಂದು ತಿರುಗಿದೆ: ಇನ್ನೊಂದು ಟ್ರಾಮ್, ಅದರೊಳಗೆ ಫ್ರೀಮನ್! ಬಾಗಿಲು ಬಡಿಯುತ್ತಿದ್ದ ಆ ಗಾರ್ಡ್, ಬಾರ್ನಿ ಕ್ಯಾಲ್‌ಹೂನ್, ಈಗ ನಾನೇ. ಆ ಖುಷಿ ಇನ್ನೂ ಇಳಿದಿಲ್ಲ.

1998ರ ನವೆಂಬರಿನಲ್ಲಿ ವಾಲ್ವ್ ತಂದ ಮೂಲ ಆಟದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಸೈಬರ್ ಕೆಫೆಗಳಲ್ಲಿ ಹುಡುಗರು ಮುಗಿಬಿದ್ದು ಆಡುತ್ತಿದ್ದ ಕೌಂಟರ್-ಸ್ಟ್ರೈಕ್ ಕೂಡ ಅದರ ಮಾಡ್ ಆಗಿಯೇ ಹುಟ್ಟಿತು. ಉಪಕಥೆಗಳನ್ನು ಕಟ್ಟಿದ್ದು ಟೆಕ್ಸಾಸ್‌ನ ಗೇರ್‌ಬಾಕ್ಸ್: 1999ರಲ್ಲಿ ‘ಅಪೋಸಿಂಗ್ ಫೋರ್ಸ್’, 2001ರಲ್ಲಿ ‘ಬ್ಲೂ ಶಿಫ್ಟ್’, ಅದೇ ವರ್ಷ ಪ್ಲೇಸ್ಟೇಷನ್ 2ಕ್ಕೆಂದೇ ‘ಡಿಕೇ’. ಮೂರರಲ್ಲೂ ಅದೇ ಪ್ರಯೋಗಾಲಯ, ಪ್ರಯೋಗ ಕೆಟ್ಟು ಅನ್ಯಲೋಕದ ಜೀವಿಗಳು ನುಗ್ಗುವ ಅದೇ ಅನಾಹುತ. ನೋಡುವ ಕಣ್ಣು ಮಾತ್ರ ಬೇರೆ.

‘ಅಪೋಸಿಂಗ್ ಫೋರ್ಸ್’ನಲ್ಲಿ ನೀವು ಏಡ್ರಿಯನ್ ಶೆಫರ್ಡ್. ಮೂಲ ಆಟದಲ್ಲಿ ನಮ್ಮನ್ನು ಬೇಟೆಯಾಡಿದ ಅದೇ ಸೈನಿಕರ ಪೈಕಿ ಒಬ್ಬ. ಅಂದು ಕಂಡಕೂಡಲೇ ಗುಂಡು ಹಾರಿಸುತ್ತಿದ್ದವರು ಇಲ್ಲಿ ಗಾಯಕ್ಕೆ ಮದ್ದು ಮಾಡುತ್ತಾರೆ, ಜಾಮಾದ ಬಾಗಿಲನ್ನು ಗ್ಯಾಸ್ ಕಟರ್‌ನಿಂದ ಕೊಯ್ದು ದಾರಿ ಬಿಡಿಸುತ್ತಾರೆ. ಗೋಡೆ ಹತ್ತಲು ಚಾವಣಿಗೆ ಅಂಟಿಕೊಳ್ಳುವ ಬಾರ್ನಕಲ್ ಪ್ರಾಣಿಯನ್ನೇ ಕೈಗೆತ್ತಿಕೊಳ್ಳಬಹುದು. ಇಂಥ ತಮಾಷೆ ಮೂಲದಲ್ಲೂ ಇರಲಿಲ್ಲ. ‘ರೇಸ್ ಎಕ್ಸ್’ ಎಂಬ ಹೊಸ ಜೀವಿಗಳ ಹಿಂಡು ಮಾತ್ರ ನನಗೆ ಒಗ್ಗಲಿಲ್ಲ. ಮೂಲ ಆಟದ ಅನ್ಯಲೋಕ ಝೆನ್‌ನವರೇ ಸಾಲದೆ?

ನನ್ನನ್ನು ಬಿಡದೆ ಕಾಡುವುದು ಇನ್ನೊಂದು ದೃಶ್ಯ. ಒಂದು ಕಡೆ ಶೆಫರ್ಡ್‌ನ ಕಣ್ಣೆದುರೇ ಫ್ರೀಮನ್ ಪೋರ್ಟಲ್‌ಗೆ ಹಾರಿ ಝೆನ್‌ಗೆ ಹೋಗುತ್ತಾನೆ. ನೋಡಿಕೊಂಡು ಸುಮ್ಮನೆ ಇರುವ ಆಟಗಾರ ಯಾರಿದ್ದಾನೆ? ನಾನೂ ಹಿಂದೆಯೇ ಹಾರಿದೆ. ಆಟ ಮುಗಿಯಿತು! ಕಾಲದ ಸರಪಳಿ ಕೆಡಿಸಲು ಹೋದನೆಂಬ ಆರೋಪ ಪರದೆಯ ಮೇಲೆ ಬಂತು. ಹಾರಲು ಬಿಡದೆ ಅಡ್ಡಗೋಡೆ ಕಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಹಾಗೆ ಮಾಡದೆ, ನಾವು ಹಾರಿಯೇ ಹಾರುತ್ತೇವೆಂದು ಊಹಿಸಿ ಶಿಕ್ಷೆಯನ್ನೂ ಬರೆದಿಟ್ಟ ಆ ವಿನ್ಯಾಸಕಾರರ ತುಂಟತನಕ್ಕೆ ಶರಣು. ‘ಬ್ಲೂ ಶಿಫ್ಟ್’ ಕೊನೆಗೂ ಇಂಥದ್ದೇ ಒಂದು ಇಣುಕು ನೋಟವಿದೆ: ಸೈನಿಕರು ಫ್ರೀಮನ್‌ನನ್ನು ಎಳೆದೊಯ್ಯುವುದನ್ನು ಬಾರ್ನಿ ನೋಡುತ್ತಾನೆ. ಮೂಲ ಆಟದಲ್ಲಿ ಆಗ ನಮಗೆ ಪ್ರಜ್ಞೆಯೇ ಸರಿಯಾಗಿರಲಿಲ್ಲ.

ಇಷ್ಟಾದರೂ ‘ಬ್ಲೂ ಶಿಫ್ಟ್’ ಬಡಕಲು. ಮೊದಲು ಸೆಗಾ ಡ್ರೀಮ್‌ಕಾಸ್ಟ್‌ಗೆಂದು ಮಾಡಿ, ಆ ಯೋಜನೆ ರದ್ದಾದ ಮೇಲೆ ಪಿಸಿಗೆ ಬಂದದ್ದು. ಹೊಸ ಆಯುಧವಿಲ್ಲ, ಹೊಸ ಶತ್ರುವಿಲ್ಲ, ಊಟಕ್ಕೆ ಏಳುವುದರೊಳಗೆ ಮುಗಿದೇ ಹೋಗುತ್ತದೆ. ‘ಡಿಕೇ’ಯಲ್ಲಿ ಜೀನಾ ಕ್ರಾಸ್, ಕೊಲೆಟ್ ಗ್ರೀನ್ ಎಂಬ ಇಬ್ಬರು ವಿಜ್ಞಾನಿಗಳಾಗಿ ಇಬ್ಬರು ಜೊತೆಗೂಡಿ ಆಡಬಹುದು, ಫ್ರೀಮನ್ ಯಂತ್ರದೊಳಕ್ಕೆ ತಳ್ಳಿ ಅನಾಹುತಕ್ಕೆ ಕಾರಣವಾದ ಆ ಅನಿಷ್ಟದ ಹರಳನ್ನು ಕಳಿಸಿದ್ದೇ ಇವರು. ಕಂಪನಿ ಅದನ್ನು ಪಿಸಿಗೆ ತರಲಿಲ್ಲ. 2008ರಲ್ಲಿ ಉಕ್ರೇನಿನ ಅಭಿಮಾನಿಗಳೇ ತಂದರು.

ಮೂಲ ಆಟ ಮುಗಿಸದೆ ಇವಕ್ಕೆ ಕೈ ಹಾಕಬೇಡಿ, ಅರ್ಧ ಸ್ವಾರಸ್ಯ ಹೋಗುತ್ತದೆ. ಒಂದನ್ನೇ ಆಡಲು ಬಿಡುವಿದ್ದರೆ ‘ಅಪೋಸಿಂಗ್ ಫೋರ್ಸ್’ ಆಡಿ. ಅದೂ ‘ಬ್ಲೂ ಶಿಫ್ಟ್’ ಕೂಡ ಸ್ಟೀಮ್‌ನಲ್ಲಿ ಸಿಗುತ್ತವೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ.