ಸರ್ವರ್ ಕಾವಲು ತಂತ್ರಾಂಶ: ಉಚಿತ, ಆದರೆ ಹೊಣೆ ಸಂಸ್ಥೆಯದೇ
ಮುಕ್ತ ತಂತ್ರಾಂಶಗಳನ್ನು ಬಹುವಾಗಿ ಬಳಸುವ ಜೆ.ಪಿ. ನಗರದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, ಅಂತಹ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್ ನಿಧಿಯನ್ನು 2024ರಲ್ಲಿ ಘೋಷಿಸಿತು. ಈ ತಂತ್ರಾಂಶಗಳು ಸಣ್ಣ ವರ್ತಕರಿಗೂ ಲಭ್ಯ. ಸರ್ವರ್ ಸ್ಥಗಿತಗೊಂಡರೆ ಒಡನೆ ಎಚ್ಚರಿಸುವ, 1999ರಲ್ಲಿ ಈಥನ್ ಗಾಲ್‌ಸ್ಟಾಡ್ ಆರಂಭಿಸಿದ ನಾಗಿಯೋಸ್ ಕೋರ್ ಮೂಲಸಂಕೇತ ಸಹಿತ ಉಚಿತವಾಗಿ ದೊರೆಯುತ್ತದೆ. ಲಿನಕ್ಸ್ ಯಂತ್ರದಲ್ಲಿ ಸಿ ಕಂಪೈಲರ್ ಅಳವಡಿಸಿ, 'ಕಾನ್ಫಿಗರ್', 'ಮೇಕ್ ಆಲ್', 'ಮೇಕ್ ಇನ್‌ಸ್ಟಾಲ್' ಆದೇಶಗಳನ್ನು ಕ್ರಮವಾಗಿ ನೀಡಬೇಕು. ತಪಾಸಣೆ ನಡೆಸುವ ಪ್ಲಗಿನ್‌ಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು.

ತೊಡಕು ಅನಂತರದ್ದು. ಹೀಗೆ ಸ್ಥಾಪಿಸಿದ ತಂತ್ರಾಂಶವು ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆಯ ಲೆಕ್ಕಕ್ಕೆ ಸೇರದು. ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ಸಂಸ್ಥೆಯೇ ಪುನಃ ಸಿದ್ಧಪಡಿಸಬೇಕು. ಆಯ್ಕೆಗಳನ್ನು ಬರೆದಿಡದೆ ತಂತ್ರಜ್ಞ ಕೆಲಸ ಬಿಟ್ಟರೆ ಈ ಉಚಿತ ತಂತ್ರಾಂಶವೇ ದುಬಾರಿಯಾದೀತು. ಕಾವಲು ಯಂತ್ರವನ್ನಂತೂ ಸರ್ವರ್ ಇರುವ ಕಟ್ಟಡದಲ್ಲೇ ಇರಿಸಬಾರದು. ವಿದ್ಯುತ್ ಹೋದಾಗ ಎರಡೂ ಒಟ್ಟಿಗೇ ನಿಂತುಹೋಗುತ್ತವೆ.