ಏಳು ಸೆಕೆಂಡಿಗೊಮ್ಮೆ ಟಿಕ್

ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂಬ ಉದ್ದ ಹೆಸರಿನ ಕಚೇರಿಯಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಸಣ್ಣದೊಂದು ಕೋಶವಾಗಿ ಹುಟ್ಟಿದ್ದು, ಈಗ ನೆರೆ, ಸಿಡಿಲುಗಳ ಉಸಾಬರಿಯೂ ಇದರ ಪಾಲಿಗೇ ಬಂದಿದೆ. ರಾಜ್ಯದ ಹೆಚ್ಚುಕಡಿಮೆ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಇದರದೊಂದು ಮಳೆಮಾಪಕ ನಿಂತಿದೆ. ಎಲ್ಲ ಸೇರಿ ಆರು ಸಾವಿರಕ್ಕೂ ಹೆಚ್ಚು. ಒಂದೊಂದೂ ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಸಿಗ್ನಲ್ ಹಿಡಿದು ಯಲಹಂಕಕ್ಕೆ ವರದಿ ಒಪ್ಪಿಸುತ್ತದೆ. ಮಳೆ ಬಂದಿಲ್ಲದಿದ್ದರೆ ಸೊನ್ನೆ ಎಂದಾದರೂ ಹೇಳಲೇಬೇಕು.

ಈ ಯಂತ್ರದ ಹೊಟ್ಟೆಯೊಳಗೆ ಇಣುಕಿದರೆ ಕಾಣುವುದು ಬಲು ಸರಳವಾದ ಏರ್ಪಾಡು. ಮೇಲೊಂದು ಆಲಿಕೆ. ಅದರ ಕೆಳಗೆ, ನಡುವೆ ಕೀಲು ಹಾಕಿದ ಎರಡು ಪುಟ್ಟ ಬೋಗುಣಿಗಳು ಬೆನ್ನಿಗೆ ಬೆನ್ನು ಅಂಟಿಸಿಕೊಂಡು ಕೂತಿವೆ. ಆಲಿಕೆಯಿಂದ ಇಳಿದ ನೀರು ಮೇಲೆದ್ದಿರುವ ಬೋಗುಣಿಗೆ ಬೀಳುತ್ತದೆ. ಅದು ತುಂಬಿದೊಡನೆ ಭಾರಕ್ಕೆ ಕೆಳಗೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ವಾಲುವಾಗ ಅದಕ್ಕಂಟಿದ ಆಯಸ್ಕಾಂತದ ಚೂರು ಒಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ: ಟಿಕ್. ಇಂಥ ಯಂತ್ರಗಳಲ್ಲಿ ಒಂದು ಟಿಕ್ ಎಂದರೆ ಸಾಮಾನ್ಯವಾಗಿ 0.2 ಮಿಲಿಮೀಟರ್ ಮಳೆ; ಕೆಲವದರಲ್ಲಿ 0.5. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಡ್ಡಗಲ ಇದ್ದರೆ 0.2 ಮಿ.ಮೀ.ಗೆ ಕೂಡುವ ನೀರು ಸುಮಾರು ಆರು ಮಿಲಿಲೀಟರ್. ಈ ವಾಲುವ ಬೋಗುಣಿಯ ಉಪಾಯ ಇಂದು ನಿನ್ನೆಯದಲ್ಲ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿಸಿದ ಕ್ರಿಸ್ಟೋಫರ್ ರೆನ್ 1662ರ ಹೊತ್ತಿಗೇ ಇದನ್ನು ಯೋಚಿಸಿದ್ದ. ಅವನ ಬಳಿ ಸಿಮ್ ಕಾರ್ಡ್ ಇರಲಿಲ್ಲ, ಅಷ್ಟೆ.

ಇದಕ್ಕೂ ಹಳೆಯದು ಬರೀ ಪಾತ್ರೆಯಲ್ಲಿ ಮಳೆ ಹಿಡಿಯುವ ಕ್ರಮ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಮೊಳದಗಲದ ಬಾಯಿಯ ಕುಂಡ ಇಡುವ ಮಾತಿದೆ. ಹವಾಮಾನ ಇಲಾಖೆಯ ಸಾದಾ ಮಳೆಮಾಪಕವೂ ಅದರ ವಂಶದ್ದೇ. ನೆಲದಿಂದ ಒಂದಡಿ ಎತ್ತರಕ್ಕೆ ಬಾಯಿ, ಒಳಗೊಂದು ಬಾಟಲಿ, ಜೊತೆಗೆ ಗೆರೆ ಹಾಕಿದ ಗಾಜಿನ ಅಳತೆಪಾತ್ರೆ. ಬೆಳಿಗ್ಗೆ 8.30ಕ್ಕೆ ಒಬ್ಬರು ಹೋಗಿ ನೀರು ಸುರಿದು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಹಿಂದಿನ ದಿನ 8.30ರಿಂದ ಆ ಹೊತ್ತಿನವರೆಗೆ ಬಿದ್ದದ್ದೆಲ್ಲ ಆ ದಿನದ ಲೆಕ್ಕ.

ಈ 8.30ರ ಗಡಿಯಿಂದ ಒಂದು ತಮಾಷೆ ಹುಟ್ಟುತ್ತದೆ. ತಿಂಗಳ ಕೊನೆಯ ಸಂಜೆ ಸುರಿದ ಮಳೆ ಮುಂದಿನ ತಿಂಗಳ ಖಾತೆಗೆ ಜಮಾ ಆಗುತ್ತದೆ. ಬೆಂಗಳೂರು ನಗರದ ದಾಖಲೆ ಪುಸ್ತಕದಲ್ಲಿ ಅಕ್ಟೋಬರ್ ತಿಂಗಳ ಅತಿ ದೊಡ್ಡ ದಿನ 1997ರ ಅಕ್ಟೋಬರ್ 1, ಮಳೆ 178.9 ಮಿ.ಮೀ. ರೂಢಿಯ ಪ್ರಕಾರ ನೋಡಿದರೆ ಆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನೈದೂವರೆ ಸೆಪ್ಟೆಂಬರಿಗೇ ಸೇರಿದ್ದವು. ಮೋಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಗುಮಾಸ್ತರಿಗೆ ಗೊತ್ತು.

ಹಾಗಾದರೆ ತಿಂಗಳ ಮೊತ್ತ ನಂಬಬಾರದ ಅಂಕಿಯೇ? ಊರಿನ ಜಾಯಮಾನ ತಿಳಿಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ 1991ರಿಂದ 2020ರವರೆಗಿನ ಸರಾಸರಿ ತೆಗೆದರೆ ಮೇ ತಿಂಗಳಿಗೆ ಸುಮಾರು 129 ಮಿ.ಮೀ., ಜೂನ್‌ಗೆ 110, ಜುಲೈಗೆ 116, ಆಗಸ್ಟ್‌ಗೆ 163, ಸೆಪ್ಟೆಂಬರ್‌ಗೆ 208, ಅಕ್ಟೋಬರ್‌ಗೆ 186. ಮುಂಗಾರು ಕಾಲಿಡುವ ಜೂನ್‌ಗಿಂತ ಮೇ ತಿಂಗಳಲ್ಲೇ ಮಳೆ ಹೆಚ್ಚು! ಮೇ ತಿಂಗಳ ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿ, ಕಡಲ ಕಡೆಯಿಂದ ಬರುವ ತೇವ, ಇವೆರಡೂ ಕೂಡಿ ಹತ್ತು ಕಿಲೋಮೀಟರಿಗೂ ಎತ್ತರದ ಗುಡುಗುಮೋಡ ಕಟ್ಟುತ್ತವೆ. ಜೂನ್, ಜುಲೈಯಲ್ಲಿ ನೈರುತ್ಯದ ಗಾಳಿ ತನ್ನ ನೀರನ್ನೆಲ್ಲ ಆಗುಂಬೆ, ಮಡಿಕೇರಿಯ ಕಡೆ ಇಳಿಸಿ ಬಂದಿರುತ್ತದೆ. ನಮಗೆ ಸಿಗುವುದು ಗಾಳಿ, ಮಬ್ಬು, ಒಂದಿಷ್ಟು ತುಂತುರು. ಆ ಗಾಳಿಯ ಬಿರುಸು ತಗ್ಗುವ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಗುಡುಗುಮೋಡಗಳು ಮತ್ತೆ ತಲೆಯೆತ್ತುತ್ತವೆ, ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳೂ ಕೈಜೋಡಿಸುತ್ತವೆ. 2005ರ ಅಕ್ಟೋಬರ್ ಒಂದೇ ತಿಂಗಳಲ್ಲಿ 605.6 ಮಿ.ಮೀ. ಸುರಿದಿತ್ತು.

ಹೆಬ್ಬಾಳದಾಚೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹೊಲಗಳಲ್ಲಿ ರಾಗಿ ಓದುವವರಿಗೆ ಈ ತಿಂಗಳ ಅಂಕಿಯೂ ಸಾಲದು. ಎರಡು ವಾರ ಮಳೆ ಕೈಕೊಟ್ಟು, ಕೊನೆಯ ಮೂರು ದಿನ ಬಡಿದರೂ ತಿಂಗಳ ಮೊತ್ತ ‘ವಾಡಿಕೆ ಮಳೆ’ ಎಂದೇ ಹೇಳುತ್ತದೆ. ಅಷ್ಟರಲ್ಲಿ ಕೆಂಪು ಮಣ್ಣಿನ ಪೈರು ಬಾಡಿರುತ್ತದೆ. ನಮ್ಮ ರೈತರು ತಿಂಗಳನ್ನು ಬಿಟ್ಟು ನಕ್ಷತ್ರ ಹಿಡಿದದ್ದು ಸುಮ್ಮನೆ ಅಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆಗಳಾಗಿ ಕಾಲವನ್ನು ಒಡೆದುಕೊಂಡರು. ನಕ್ಷತ್ರಕ್ಕೂ ಮಳೆಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಬಿತ್ತನೆಗೆ ಬೇಕಾದ ಅಳತೆಗೋಲು ಹದಿನೈದು ದಿನದ್ದು ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು.

ಪಟ್ಟಣಕ್ಕೆ ಬೇಕಾದ ಅಳತೆಗೋಲು ಇನ್ನೂ ಗಿಡ್ಡ. 2024ರ ಜೂನ್ 2ರ ಭಾನುವಾರ ನಗರದ ಮಾಪಕದಲ್ಲಿ 111.1 ಮಿ.ಮೀ. ಕೂಡಿತು. ಜೂನ್ ತಿಂಗಳ ದಿನವೊಂದಕ್ಕೆ 1891ರಲ್ಲಿ ಬರೆದಿಟ್ಟಿದ್ದ 101.6 ಮಿ.ಮೀ. ದಾಖಲೆ ಮುರಿಯಿತು. ಜೂನ್ ಇಡೀ ತಿಂಗಳ ಪಾಲು ಒಂದೇ ದಿನಕ್ಕೆ ಚುಕ್ತಾ. ಇಲ್ಲಿ ಬೋಗುಣಿಯ ಟಿಕ್‌ಗಳನ್ನು ಎಣಿಸಬೇಕು. ಗಂಟೆಗೆ 1 ಮಿ.ಮೀ. ಸೋನೆಯಾದರೆ ಹನ್ನೆರಡು ನಿಮಿಷಕ್ಕೊಂದು ಟಿಕ್. ಗಂಟೆಗೆ 100 ಮಿ.ಮೀ. ರಭಸದಲ್ಲಿ ಹೊಡೆದರೆ ಏಳು ಸೆಕೆಂಡಿಗೊಂದು. ಎರಡರಲ್ಲೂ ಐನೂರು ಟಿಕ್ ಕೂಡಿದಾಗ ಮೊತ್ತ ಅದೇ 100 ಮಿ.ಮೀ. ಮೊದಲನೆಯದು ಮಣ್ಣಿಗೆ ಇಂಗುತ್ತದೆ, ಎರಡನೆಯದು ಬಳ್ಳಾರಿ ರಸ್ತೆಯ ಅಂಡರ್‌ಪಾಸಿನಲ್ಲಿ ನಿಲ್ಲುತ್ತದೆ. ಕೆರೆ ತುಂಬಲು ಮೊತ್ತ ಬೇಕು, ಕಾಲುವೆ ಉಕ್ಕಲು ರಭಸ ಸಾಕು. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ತಗ್ಗು, ಕೆರೆ, ರಾಜಕಾಲುವೆ ಮೂರೂ ಅಲ್ಲಿ ಹಳೆಯವು. ಅವುಗಳ ಮೇಲ್ಗಡೆ ಕಾಂಕ್ರೀಟ್ ಹೊಸದು. ಕಾಂಕ್ರೀಟಿನ ಮೇಲೆ ಬಿದ್ದ ನೀರು ಹೊಲದ ಮೇಲೆ ಬಿದ್ದ ನೀರಿನಂತೆ ತಡವಾಗಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಯಂತ್ರದ ದೌರ್ಬಲ್ಯವನ್ನೂ ಹೇಳಬೇಕು. ಏಳು ಸೆಕೆಂಡಿಗೊಮ್ಮೆ ವಾಲುವಾಗ, ವಾಲುತ್ತಿರುವ ಆ ಕ್ಷಣದಲ್ಲಿ ಇಳಿದ ನೀರು ಆಗಲೇ ತುಂಬಿದ ಬೋಗುಣಿಗೇ ಬಿದ್ದು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಮಳೆ ಜೋರಾದಷ್ಟೂ ಯಂತ್ರ ಕಡಿಮೆ ಹೇಳುತ್ತದೆ. ತಿದ್ದುಪಡಿ ಸೂತ್ರ ಹಾಕಿ ಸರಿಮಾಡಬೇಕು. ಗಾಳಿ ಬೀಸಿದರೆ ಹನಿಗಳು ಆಲಿಕೆಯ ಬಾಯಿ ದಾಟಿ ಹಾರಿಹೋಗುತ್ತವೆ. ಎಲೆಯೊಂದು ಬಿದ್ದು ಆಲಿಕೆ ಕಟ್ಟಿಕೊಂಡರೆ ಊರೆಲ್ಲ ತೊಯ್ದರೂ ವರದಿ ಸೊನ್ನೆ. ಮಾರನೆಯ ದಿನ ಸುಡುಬಿಸಿಲಲ್ಲಿ ನೀರು ನಿಧಾನ ಜಿನುಗಿ ‘ಮಳೆ’ ಬರುತ್ತದೆ. ಅದಕ್ಕೇ ಕಂಪ್ಯೂಟರಿನ ಮುಂದೆ ಕೂತವರು ಅಕ್ಕಪಕ್ಕದ ಮಾಪಕಗಳನ್ನೂ ನೋಡಿಯೇ ನಂಬುವುದು.

ಆದರೆ ಅಕ್ಕಪಕ್ಕದವೂ ಒಂದೇ ಮಾತು ಹೇಳಬೇಕಿಲ್ಲ. ಗುಡುಗುಮೋಡದ ಒಂದು ಗೂಡು ಕೆಲವೇ ಕಿಲೋಮೀಟರ್ ಅಗಲ, ಆಯುಸ್ಸು ಗಂಟೆಯ ಒಳಗೆ. ಹೆಬ್ಬಾಳದ ಫ್ಲೈಓವರ್ ಮೇಲೆ ವೈಪರ್ ಸೋಲುವಷ್ಟು ಸುರಿಯುವಾಗ ಆರ್.ಟಿ. ನಗರದಲ್ಲಿ ಒಣಹಾಕಿದ ಬಟ್ಟೆ ತೆಗೆಯುವ ಅಗತ್ಯವೇ ಬೀಳದಿರಬಹುದು. ಆರು ಸಾವಿರದ ಐನೂರು ಮಾಪಕಗಳಿವೆ, ಪ್ರತಿಯೊಂದರ ಬಾಯಿಯೂ 20 ಸೆಂ.ಮೀ. ಎಂದುಕೊಳ್ಳಿ. ಆ ಬಾಯಿಗಳನ್ನೆಲ್ಲ ಒಂದೆಡೆ ಹರಡಿದರೆ ಸುಮಾರು 204 ಚದರ ಮೀಟರ್ ಆಗುತ್ತದೆ. ಒಂದು 40-60 ಸೈಟಿಗೂ ಸಾಲದು. ಸುಮಾರು 1,91,791 ಚದರ ಕಿಲೋಮೀಟರಿನ ರಾಜ್ಯದ ಮಳೆಯನ್ನು ನಾವು ಸೈಟೊಂದರ ಮೇಲೆ ಬಿದ್ದ ನೀರಿನಿಂದ ಊಹಿಸುತ್ತಿದ್ದೇವೆ. ಉಪಗ್ರಹ, ರೇಡಾರ್‌ಗಳು ನೆರವಿಗಿವೆ, ನಿಜ. ಅವುಗಳ ಅಂದಾಜನ್ನು ಕೊನೆಗೆ ತಾಳೆ ನೋಡುವುದೂ ಇದೇ ಆಲಿಕೆಗಳ ಜೊತೆ.

ಅದಕ್ಕೇ ಮನೆಯ ಮಾಪಕಕ್ಕೂ ಬೆಲೆಯಿದೆ. ಮೇಲಿನಿಂದ ತಳದವರೆಗೆ ಒಂದೇ ಅಗಲದ, ನೇರ ಗೋಡೆಯ ಪಾತ್ರೆ ಯಾವುದಾದರೂ ಆದೀತು. ಒಳಗೆ ಸ್ಕೇಲು ಇಳಿಸಿ ಎತ್ತರ ಓದಿದರೆ ಅದೇ ಮಿ.ಮೀ. ಪಾತ್ರೆಯ ಅಗಲ ಎಷ್ಟಿದ್ದರೂ ಉತ್ತರ ಬದಲಾಗುವುದಿಲ್ಲ. ಮರವೋ ಗೋಡೆಯೋ ಹತ್ತಿರವಿದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರ ಇಡಬೇಕು. ತಾರಸಿ ಒಳ್ಳೆಯ ಜಾಗವಲ್ಲ, ಗಾಳಿ ಜಾಸ್ತಿ. ಬೇರೆ ಜಾಗವೇ ಇಲ್ಲದಿದ್ದರೆ ಪ್ಯಾರಾಪೆಟ್‌ನಿಂದ ದೂರ, ನಡುಮಧ್ಯೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಎಂದರೆ ಒಂದು ಲೀಟರ್. 30-40 ಸೈಟಿನ ಮೇಲೆ ವರ್ಷಕ್ಕೆ ಬೀಳುವ ಸಾವಿರ ಮಿ.ಮೀ. ಮಳೆ ಒಂದು ಲಕ್ಷ ಹನ್ನೊಂದು ಸಾವಿರ ಲೀಟರ್, ಅಂದರೆ ಆರು ಸಾವಿರ ಲೀಟರಿನ ಹದಿನೆಂಟೂವರೆ ಟ್ಯಾಂಕರ್.

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಇಂಥ ಲೆಕ್ಕ ಇಡುವುದು ಹಳೆಯ ರೂಢಿ. ಎರಡು ಇಂಚು ನಲವತ್ತು ಸೆಂಟು ಎಂದು ಈಗಲೂ ಇಂಚಿನಲ್ಲೇ ಮಾತಾಡುತ್ತಾರೆ. ಇಂಚಿನ ನೂರನೇ ಒಂದು ಭಾಗ ಸೆಂಟು. ಕಾಫಿ ಗಿಡದಲ್ಲಿ ಹೂವರಳಿಸುವ ಹೂಮಳೆ ಯಾವ ದಿನ ಬಂತು ಎಂಬುದು ಅವರಿಗೆ ಫಸಲಿನ ಪ್ರಶ್ನೆ. ಯಲಹಂಕ, ಯಶವಂತಪುರದವರು ಇದೇ ಲೆಕ್ಕಕ್ಕೆ ಇನ್ನೊಂದು ಕಾಲಂ ಸೇರಿಸಿಕೊಳ್ಳಬಹುದು: ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ. ‘62 ಮಿ.ಮೀ.’ ಎಂದಷ್ಟೇ ಬರೆದರೆ ಅದು ಮಳೆಯ ಸುದ್ದಿ. ‘62 ಮಿ.ಮೀ., ಸಂಜೆ 6.10ರಿಂದ 6.55’ ಎಂದು ಬರೆದರೆ ನಿಮ್ಮ ಬೀದಿಯ ಚರಂಡಿ ಎಷ್ಟು ಅಗಲ ಇರಬೇಕೆಂದು ಇಂಜಿನಿಯರ್ ಲೆಕ್ಕ ಹಾಕಬಹುದು.