ಗರ್ಭಿಣಿಯೂ ಬೇಸಗೆಯ ಸೆಕೆಯೂ

ಪರ್ಕಳದ ಬೇಸಗೆಯನ್ನು ಉಷ್ಣಮಾಪಕವೊಂದರಿಂದಲೇ ಅಳೆಯಹೊರಟವರು ಮೋಸಹೋಗುವರು. ಮಣಿಪಾಲದ ಗುಡ್ಡವನ್ನಿಳಿದು ಕಾರ್ಕಳದ ದಾರಿ ಹಿಡಿದೊಡನೆ ಸಿಕ್ಕುವ ಈ ಊರಿನಲ್ಲಿ ಪಾದರಸವು ಕಲಬುರಗಿಯಲ್ಲಿ ಏರುವಷ್ಟು ಏರುವುದಿಲ್ಲ, ನಿಜ. ಆದರೆ ಕಡಲ ಗಾಳಿಯ ತೇವದಿಂದ ಇಲ್ಲಿ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆಯವರೂ ಬಿಸಿಗಾಳಿಯನ್ನು ಗುರುತಿಸಲು ಬಯಲು ನಾಡಿಗೆ 40 ಡಿಗ್ರಿ ಸೆಲ್ಸಿಯಸ್ ಗಡಿಯನ್ನಿಟ್ಟರೆ, ಕರಾವಳಿಗೆ 37 ಡಿಗ್ರಿಯನ್ನೇ ಇಟ್ಟಿದ್ದಾರೆ.

ಈ ಸೆಕೆಯು ಗರ್ಭಿಣಿಗೆ ಇಮ್ಮಡಿ ಹೊರೆ. ಅವಳ ದೇಹವು ತಾನೇ ಹೆಚ್ಚು ಶಾಖವನ್ನು ಹುಟ್ಟಿಸುತ್ತಿರುತ್ತದೆ. ಗರ್ಭಸ್ಥ ಶಿಶುವಿನ ಮೈ ತಾಯಿಯ ಮೈಗಿಂತ ಸುಮಾರು ಅರ್ಧ ಡಿಗ್ರಿಯಷ್ಟು ಬೆಚ್ಚಗಿದ್ದು, ಆ ಶಾಖವೂ ತಾಯಿಯ ರಕ್ತದ ಮೂಲಕವೇ ಹೊರಹೋಗಬೇಕು. ಸೆಕೆಯಲ್ಲಿ ರಕ್ತವು ಚರ್ಮದ ಕಡೆಗೆ ಹರಿದರೆ ಮಾಸಿಗೆ ಸಲ್ಲುವ ಪಾಲು ಕುಗ್ಗಬಹುದೆಂದೂ, ಮೈಯ ನೀರು ಬತ್ತಿದರೆ ಗರ್ಭಕೋಶವು ಅಕಾಲದಲ್ಲಿ ಸಂಕುಚಿಸಬಹುದೆಂದೂ ವೈದ್ಯರು ಊಹಿಸುತ್ತಾರೆ.

2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು 27 ದೇಶಗಳ 70 ಅಧ್ಯಯನಗಳ ಪರಾಮರ್ಶೆಯನ್ನು ಪ್ರಕಟಿಸಿತು. ಬಿಸಿಗಾಳಿಯ ದಿನಗಳಲ್ಲಿ ಅಕಾಲ ಪ್ರಸವದ, ಎಂದರೆ 37 ವಾರ ತುಂಬುವ ಮುನ್ನ ಹೆರುವುದರ ಸಂಭವವು ಶೇಕಡಾ 16ರಷ್ಟು ಹೆಚ್ಚೆಂದು ಅಲ್ಲಿ ಕಂಡುಬಂತು. ಒಬ್ಬಳ ಪಾಲಿಗೆ ಇದು ಅಲ್ಪವಾಗಿ ತೋರೀತು. ಜಿಲ್ಲೆಯ ಹೆರಿಗೆಗಳನ್ನೆಲ್ಲ ಕೂಡಿಸಿ ನೋಡಿದರೆ ಅಲ್ಪವಲ್ಲ. ನಮಗೆ ಸಮೀಪದ ನಿದರ್ಶನವು ತಮಿಳುನಾಡಿನದು. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯವರು 2017ರಿಂದ 800 ಗರ್ಭಿಣಿಯರನ್ನು ಪರಿಶೀಲಿಸಿದರು. ಹೊಲ, ಇಟ್ಟಿಗೆಗೂಡು, ಉಪ್ಪಿನಗದ್ದೆಗಳಂಥ ಕಡೆ ಬಿಸಿಯಲ್ಲಿ ದುಡಿದವರಿಗೆ ಗರ್ಭಪಾತದ ಅಪಾಯವು ಇತರರಿಗಿಂತ ಸುಮಾರು ಎರಡರಷ್ಟಿತ್ತು.

ನಮ್ಮಲ್ಲಿ ಉಪ್ಪಿನಗದ್ದೆಯ ಹೆಂಗಸರಿಗಿಂತ ಹೆಚ್ಚಾಗಿ ನೆನೆಯಬೇಕಾದವರು ಗೇರುಬೀಜದ ಕಾರ್ಖಾನೆಯವರು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಸ್ತ್ರೀಯರೇ. ಬೀಜ ಬೇಯಿಸುವ, ತಿರುಳು ಒಣಗಿಸುವ ಕಾವು ಹೊರಗಿನ ಸೆಕೆಗೆ ಸೇರಿಕೊಳ್ಳುತ್ತದೆ.

ನಮ್ಮ ಹಿರಿಯರು ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ ಮಗಳನ್ನು ತವರಿಗೆ ಕರೆತರುವ ಪದ್ಧತಿಯನ್ನು ಬೆಳೆಸಿದರು. ಒಳ್ಳೆಯ ಏರ್ಪಾಡು, ಆದರೆ ಅದು ಚೊಚ್ಚಲ ಬಸಿರಿಗೆ ಮಾತ್ರ, ಅದೂ ಗರ್ಭಪಾತದ ಭಯವು ಬಹುಮಟ್ಟಿಗೆ ಕಳೆದ ಮೇಲೆ! ಎರಡನೆಯ ಬಸಿರಿನವಳಿಗೆ ಅಡುಗೆಯ ಒಲೆಯೂ ತಪ್ಪದು, ಕೂಲಿಯೂ ತಪ್ಪದು. ಮೊದಲ ತಿಂಗಳುಗಳಿಂದಲೇ ನಡುಹಗಲಿನ ಕೆಲಸವನ್ನು ಬೆಳಗ್ಗೆಗೆ ತಿರುಗಿಸಿಕೊಟ್ಟು, ಆಗಾಗ ನೀರನ್ನೂ ಉಪ್ಪು ಹಾಕಿದ ಗಂಜಿತಿಳಿಯನ್ನೂ ನೆರಳಿನಲ್ಲಿ ವಿಶ್ರಾಂತಿಯನ್ನೂ ಒದಗಿಸುವುದು ಮನೆಯವರಿಗೂ ಧಣಿಗಳಿಗೂ ಅಸಾಧ್ಯವೇನಲ್ಲ. ರಕ್ತದೊತ್ತಡ ಹೆಚ್ಚಿರುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ತಲೆಸುತ್ತು, ಮೂತ್ರ ಕಡಿಮೆಯಾಗುವುದು, ಹೊಟ್ಟೆ ಮೇಲಿಂದ ಮೇಲೆ ಬಿಗಿಯುವುದು, ಕೂಸಿನ ಚಲನೆ ಕುಗ್ಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.